ತಲೆ ಕಾಲೇಜಿನಲ್ಲಿ, ಕಾಲು ಮನೆಯಲ್ಲಿ

ಇಂಜಿನಿಯರಿಂಗ್ ಕಾಲೇಜಿನ ಮೊದಲ ದಿನವೇ ವರ್ಕ್‌ಶಾಪ್ ಮೇಡಂ, "ಸೋಮವಾರ ಎಲ್ಲರೂ ಮನೆಯಿಂದ ಕೆಟ್ಟುಹೋದ ಒಂದು ಯಂತ್ರ ತನ್ನಿ" ಎಂದಾಗ ತರಗತಿಗೆ ತರಗತಿಯೇ ಹೋ ಎಂದು ಖುಷಿಪಟ್ಟಿತು. ಬುಗುರಿಯ ಮುಖ ಮಾತ್ರ ಬಾಡಿತು. ಅವಳ ಮನೆಯಲ್ಲಿ ಕೆಟ್ಟದ್ದು ಎಂಬ ಪದಾರ್ಥವೇ ಇರಲಿಲ್ಲ.

ಅವಳ ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ದಿನವಿಡೀ ಬಸ್ಸುಗಳ ಹೊಟ್ಟೆಯ ಕೆಳಗೆ ಮಲಗಿದ್ದು ಸಂಜೆ ಮನೆಗೆ ಬಂದ ಮೇಲೂ ಆ ಮನುಷ್ಯನಿಗೆ ಸಮಾಧಾನವಿಲ್ಲ. ನಲ್ಲಿ ತೊಟ್ಟಿಕ್ಕುವ ಮುಂಚೆಯೇ ವಾಷರ್ ಬದಲಾಗಿರುತ್ತಿತ್ತು. ಬಾಗಿಲು ಕಿರ್ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಎಣ್ಣೆ ಬಿದ್ದಿರುತ್ತಿತ್ತು. ಇಂಥ ಮನೆಯಲ್ಲಿ ಬುಗುರಿ ಅಟ್ಟ ಹುಡುಕಿದಳು, ಮಂಚದ ಕೆಳಗೆ ಹುಡುಕಿದಳು, ಗ್ಯಾಸ್ ಒಲೆಯ ಹಿಂದೆ ಹುಡುಕಿದಳು. ಒಂದು ಟಾರ್ಚು ಸಿಕ್ಕಿತು. ಒತ್ತಿದಳು. ಕಣ್ಣಿಗೆ ಹೊಡೆಯುವ ಹಾಗೆ ಬೆಳಗಿತು.

"ಏನೇ ಅದು, ಒಂದು ಕಡೆ ನಿಲ್ಲಬಾರದಾ?" ಎಂದಳು ಅಜ್ಜಿ. ಹುಟ್ಟಿದಾಗಿನಿಂದ ನಿಂತಲ್ಲಿ ನಿಲ್ಲದವಳಿಗೆ ಬುಗುರಿ ಎಂದು ಹೆಸರಿಟ್ಟವಳೂ ಅವಳೇ.

"ಅಜ್ಜಿ, ಕೆಟ್ಟುಹೋಗಿರೋದು ಏನಾದ್ರೂ ಬೇಕು. ಕಾಲೇಜಿಗೆ."

"ನನ್ನನ್ನೇ ಕರ್ಕೊಂಡು ಹೋಗು. ಎರಡು ಮಂಡೀನೂ ಕೆಟ್ಟಿವೆ. ನಿಮ್ಮಪ್ಪ ಇದೊಂದನ್ನ ರಿಪೇರಿ ಮಾಡ್ಲಿಲ್ಲ."

ಬುಗುರಿ ನಗುತ್ತ ನಗುತ್ತಲೇ ಮುಂಗೋಣೆಯ ಕಡೆ ನೋಡಿದಳು. ಅಲ್ಲಿ ಕಿಟಕಿಯ ಪಕ್ಕ, ಹೂವಿನ ಚಿತ್ತಾರದ ಬಟ್ಟೆ ಹೊದ್ದುಕೊಂಡು ಅಮ್ಮನ ಹೊಲಿಗೆ ಮಿಷಿನ್ ಕೂತಿತ್ತು. ಅಮ್ಮ ಟೈಲರ್. ಈಗ ಊರಲ್ಲಿಲ್ಲ. ಚಿಕ್ಕಮ್ಮ ಮನೆ ಬದಲಾಯಿಸುತ್ತಿದ್ದಾಳೆಂದು ಸಾಮಾನು ಕಟ್ಟಿಕೊಡಲು ಹೋಗಿದ್ದಳು. ಬರುವುದು ಮುಂದಿನ ಶನಿವಾರ ಸಂಜೆ. ಬಂದವಳೇ ಶಾಲೆಯ ಬ್ಯಾಂಡಿನ ಮಕ್ಕಳಿಗೆ ಅಂಗಿ ಹೊಲಿಯಲು ಕೂರಬೇಕು. ಕತ್ತರಿಸಿದ ಕೆಂಪು ಬಟ್ಟೆಯ ಕಟ್ಟುಗಳು ಮಿಷಿನ್ನಿನ ಪಕ್ಕದಲ್ಲೇ ಸಾಲಾಗಿ ಕಾಯುತ್ತಿದ್ದವು.

ಶುಕ್ರವಾರಕ್ಕೆ ಕಾಲೇಜಿನ ಕೆಲಸ ಮುಗಿಯುತ್ತದೆ, ಶನಿವಾರ ಬೆಳಿಗ್ಗೆ ಮಿಷಿನ್ ಮತ್ತೆ ಇಲ್ಲೇ ಕೂತಿರುತ್ತದೆ ಎಂದು ಬುಗುರಿ ಲೆಕ್ಕ ಹಾಕಿದಳು. ಅದು ಕೆಟ್ಟಿಲ್ಲ ಎನ್ನುವುದೊಂದೇ ತೊಡಕು. ಹಾಗಾದರೆ ಒಂಚೂರು ಕೆಡಿಸಿದರಾಯಿತು! ಮೇಲಿನ ದಾರವನ್ನು ಬಿಗಿ ಹಿಡಿಯುವ ಪುಟ್ಟ ತಿರುಪೊಂದಿದೆ. ಅದನ್ನು ಸಡಿಲಿಸಿದರೆ ಹೊಲಿಗೆ ಹಾಳು, ಬಿಗಿ ಮಾಡಿದರೆ ಮತ್ತೆ ಸರಿ. ಇಷ್ಟು ಅವಳಿಗೂ ಗೊತ್ತಿತ್ತು.

ಸೋಮವಾರ ಅಪ್ಪ ಡಿಪೋಗೆ ಹೊರಟ ಕೂಡಲೇ ಅವಳು ಆ ತಿರುಪನ್ನು ಸಡಿಲಿಸಿ, ಮಿಷಿನ್ನಿನ ತಲೆಯನ್ನು ಮೇಜಿನಿಂದ ಬಿಡಿಸಿ, ಟವೆಲ್ಲಿನಲ್ಲಿ ಸುತ್ತಿ ದೊಡ್ಡ ಚೀಲಕ್ಕಿಳಿಸಿದಳು. ತಲೆಯಿದ್ದ ಜಾಗದಲ್ಲಿ ಎರಡು ದಿಂಬು ಇಟ್ಟು ಮೇಲೆ ಹೂವಿನ ಬಟ್ಟೆ ಹೊದಿಸಿದಳು. ತಿರುಗಿ ನೋಡಿದರೆ ಬಾಗಿಲಲ್ಲಿ ಅಜ್ಜಿ.

"ಮಂಡಿ ಕೆಟ್ಟಿದೆ ಅಂದೆ. ಕಣ್ಣು ಕೆಟ್ಟಿದೆ ಅನ್ನಲಿಲ್ಲ."

"ಅಜ್ಜೀ, ಪ್ಲೀಸ್!"

"ನಾನೇನೂ ನೋಡಿಲ್ಲಪ್ಪ. ಆದ್ರೆ ನಿಮ್ಮಮ್ಮ ಕೇಳಿದ್ರೆ ಸುಳ್ಳು ಹೇಳೋಳಲ್ಲ. ಈ ವಯಸ್ಸಲ್ಲಿ ಸುಳ್ಳು ನೆನಪಿಟ್ಟುಕೊಳ್ಳೋದು ಕಷ್ಟ."

ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲೆ ಮಗುವಿನ ಹಾಗೆ ಕೂರಿಸಿಕೊಂಡು ಹೊರಟ ಬುಗುರಿಗೆ ಭಯವಿರಲಿಲ್ಲವೆಂದಲ್ಲ. ಇತ್ತು. ಆದರೆ ಅದಕ್ಕಿಂತ ದೊಡ್ಡದಾದ ಇನ್ನೇನೋ ಎದೆಯೊಳಗೆ ಗಿರಗಿರನೆ ತಿರುಗುತ್ತಿತ್ತು. ತಾನು ಇಂಜಿನಿಯರಿಂಗ್ ಓದುವವಳು! ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದರೆ ಇನ್ನು ಯಾರೂ "ಇಡೇ ಅದನ್ನ" ಎಂದು ಗದರುವಂತಿಲ್ಲ.

ವರ್ಕ್‌ಶಾಪ್ ಎಂದರೆ ಎತ್ತರದ ಚಾವಣಿಯ ಉದ್ದನೆಯ ಕೋಣೆ. ಗ್ರೀಸು, ಸೀಮೆಎಣ್ಣೆ, ಕಬ್ಬಿಣದ ಪುಡಿ ಕಲೆತ ವಾಸನೆ. ಸಾಲು ಬೆಂಚುಗಳ ಮೇಲೆ ಆ ಹೊತ್ತಿಗಾಗಲೇ ಮಿಕ್ಸಿ, ಇಸ್ತ್ರಿ ಪೆಟ್ಟಿಗೆ, ಗಡಿಯಾರ, ಒಂದು ಅರ್ಧ ಸೈಕಲ್ ಎಲ್ಲ ರೋಗಿಗಳ ಹಾಗೆ ಮಲಗಿದ್ದವು. ಮೇಡಂ ಗಿಡ್ಡಗಿನ ಹೆಂಗಸು. ತಲೆಗೂದಲಿಗೆ ಒಂದು ಪೆನ್ಸಿಲ್ಲು ಸಿಕ್ಕಿಸಿಕೊಂಡಿದ್ದರು.

"ನಿಮ್ಮ ಯಂತ್ರ ನೀವು ಮುಟ್ಟೋ ಹಾಗಿಲ್ಲ, ಪಕ್ಕದೋರಿಗೆ ಕೊಡಿ," ಎಂದರು ಮೇಡಂ. "ಅದಕ್ಕೇನಾಗಿದೆ ಅಂತ ಬಾಯಿ ಬಿಡೋ ಹಾಗೂ ಇಲ್ಲ. ಬಿಚ್ಚಿದ ಭಾಗಗಳನ್ನ ಒರೆಸಿ ಕೊಡಬಹುದು, ಅಷ್ಟೇ."

"ಹೇಳಿದ್ರೆ ಬೇಗ ಮುಗಿಯುತ್ತಲ್ಲ ಮೇಡಂ?" ಎಂದು ಯಾರೋ ಕೇಳಿದರು.

"ಹೇಳಿದ್ರೆ ನೀವು ನಂಬಿಬಿಡ್ತೀರಿ. ನಂಬೋದಕ್ಕೆ ಕಾಲೇಜು ಯಾಕೆ? ನೋಡೋದು ಕಲೀರಿ."

ಬುಗುರಿಯ ಪಕ್ಕದವನು ಬಾಗಿಲು ದಾಟುವಾಗ ತಲೆ ಬಗ್ಗಿಸಬೇಕಾದಷ್ಟು ಉದ್ದದ ಹುಡುಗ. ಮಧ್ಯಾಹ್ನದೊಳಗೆ ಎಲ್ಲರ ಬಾಯಲ್ಲಿ ಉದ್ದಣ್ಣನಾಗಿಬಿಟ್ಟಿದ್ದ. ಅವನು ಕೊಟ್ಟ ಟೇಬಲ್ ಫ್ಯಾನನ್ನು ಬುಗುರಿ ಅದೇ ದಿನ ತಿರುಗಿಸಿಬಿಟ್ಟಳು. ಒಳಗೆ ಗ್ರೀಸು ಒಣಗಿ ಕಲ್ಲಾಗಿತ್ತು, ಅಷ್ಟೇ. ಅದು ಗಾಳಿ ಬೀಸಿ ಮೇಡಂ ಕೂದಲಿನ ಪೆನ್ಸಿಲ್ಲು ಬೀಳಿಸಿದಾಗ ಅವಳಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

ಉದ್ದಣ್ಣನ ಕೆಲಸ ಅಷ್ಟು ಸಲೀಸಾಗಲಿಲ್ಲ. ಅವನು ಕೈಚಕ್ರ ತಿರುಗಿಸಿ ಮಿಷಿನ್ನಿನಲ್ಲಿ ಒಂದು ಗೇಣು ಹೊಲಿದು ಬಟ್ಟೆ ಮಗುಚಿ ನೋಡಿದ. ಮೇಲ್ಗಡೆ ನೆಟ್ಟಗಿತ್ತು. ಕೆಳಗಡೆ ದಾರ ಗುಂಗುರು ಗುಂಗುರಾಗಿ ಜೋತಿತ್ತು.

"ಕೆಳಗಡೆ ಗಲೀಜು. ಅಂದ್ರೆ ಕೆಳಗಡೆನೇ ತೊಂದ್ರೆ," ಎಂದ.

ಅಲ್ಲ ಕಣೋ, ಮೇಲಿನ ದಾರ ಸಡಿಲವಾದರೆ ಗಲೀಜು ಕೆಳಗೆ ಕಾಣಿಸುತ್ತದೆ! ಬುಗುರಿಯ ನಾಲಿಗೆ ತುದಿಗೆ ಬಂದಿತ್ತು. ಆದರೆ ಬಾಯಿಗೆ ಬೀಗ ಬಿದ್ದಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುವ ಹಾಗೆ ಉದ್ದಣ್ಣ ಕೆಳಭಾಗವನ್ನೆಲ್ಲ ಬಿಚ್ಚಿ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿದ. ಅಲ್ಲಿ ಏನೂ ಸಿಗದೆ ಮಾರನೆಯ ದಿನ ಮೇಲಕ್ಕೆ ಬಂದ. ಅದರ ಮಾರನೆಯ ದಿನ ಸೂಜಿ ಸಿಕ್ಕಿಸುವ ಕಂಬಿಯನ್ನೂ ಎಳೆದು ತೆಗೆದ. ಪ್ರತಿ ಭಾಗವನ್ನೂ ಬಿಚ್ಚುವ ಮೊದಲು ಚಿತ್ರ ಬರೆದುಕೊಳ್ಳುತ್ತಿದ್ದ. ಕೈ ನಿಧಾನ, ಆದರೆ ಅಚ್ಚುಕಟ್ಟು.

ಸುಮ್ಮನೆ ನಿಂತಿರುವುದು ಬುಗುರಿಯ ಜಾಯಮಾನವಲ್ಲ. ಒರೆಸಬಹುದು ಎಂದಿದ್ದರಲ್ಲ, ಒರೆಸಿದಳು. ಮನೆಯಲ್ಲಿ ಅಮ್ಮ ಎಲ್ಲರ ಬಟ್ಟೆ ಹೊಲಿಯುತ್ತಾಳೆ, ಅಮ್ಮನ ಮಿಷಿನ್ನಿಗೆ ಮೈ ತೊಳೆಸುವವರು ಯಾರಿದ್ದಾರೆ ಎಂದು ಅವಳಿಗೆ ಪ್ರೀತಿ ಉಕ್ಕಿ ಬಂತು. ಸೀಮೆಎಣ್ಣೆಯಲ್ಲಿ ಅದ್ದಿ ಅದ್ದಿ ಉಜ್ಜಿದಳು. ಆ ಕಂಬಿಯ ಮೇಲೆ ಹಳೇ ಎಣ್ಣೆ ಒಣಗಿ ಜೇನುಬಣ್ಣದ ಒಂದು ಉಂಗುರ ಕೂತಿತ್ತು. ಸುಲಭಕ್ಕೆ ಹೋಗಲಿಲ್ಲ. ಉಗುರಿನಿಂದ ಕೆರೆದು, ಮರಳುಕಾಗದದಿಂದ ತಿಕ್ಕಿ, ಕೊನೆಗೂ ಹೋಗಲಾಡಿಸಿದಳು. ಕಂಬಿ ಕನ್ನಡಿಯಾಯಿತು. ಅಮ್ಮ ನೋಡಿದರೆ ಎಷ್ಟು ಖುಷಿಪಡುತ್ತಾಳೆ ಎಂದುಕೊಂಡಳು.

ಗುರುವಾರ ಎಲ್ಲ ಜೋಡಿಸಿ ಆಯಿತು. ಜೋಡಿಸುವಾಗ ಉದ್ದಣ್ಣನೇ ಆ ಪುಟ್ಟ ತಿರುಪು ಸಡಿಲವಾಗಿರುವುದನ್ನು ನೋಡಿ ಬಿಗಿ ಮಾಡಿದ. ಬುಗುರಿ ಒಳಗೊಳಗೇ ಕುಣಿದಳು. ಮುಗಿಯಿತು! ಕೈಚಕ್ರ ತಿರುಗಿಸಿದರೆ ಬೆಣ್ಣೆಯ ಹಾಗೆ ತಿರುಗಿತು. ಬಟ್ಟೆ ಇಟ್ಟು ಹೊಲಿದರು. ಸೂಜಿ ಟಕಟಕ ಎಂದು ತೂತು ಹಾಕುತ್ತ ಹೋಯಿತು. ಹೊಲಿಗೆ ಒಂದೂ ಬೀಳಲಿಲ್ಲ. ದಾರ ಬಟ್ಟೆಯ ಮೇಲೆ ಉದ್ದಕ್ಕೆ ಬಿದ್ದುಕೊಂಡಿತು. ಎಳೆದರೆ ಹಾಗೇ ಕೈಗೆ ಬಂತು.

"ಮೊದಲು ಹೊಲಿಗೆ ಕೆಟ್ಟದಾಗಿ ಬೀಳ್ತಿತ್ತು. ಈಗ ಬೀಳ್ತಾನೇ ಇಲ್ಲ," ಎಂದ ಉದ್ದಣ್ಣ. "ಒಳ್ಳೇ ಪ್ರಗತಿ."

ಬುಗುರಿಗೆ ನಗು ಬರಲಿಲ್ಲ. ಸೂಜಿ ಬದಲಾಯಿಸಿದರು. ದಾರ ಬದಲಾಯಿಸಿದರು. ಕೆಳಗಿನ ದಾರ ಸುತ್ತಿದ ಬಾಬಿನ್ ತೆಗೆದು ಹಾಕಿದರು, ಹಾಕಿ ತೆಗೆದರು. ಊಹೂಂ. ಕೆಂಪು ಬಟ್ಟೆಯ ಕಟ್ಟುಗಳು ಅವಳ ಕಣ್ಣ ಮುಂದೆ ಬಂದು ಸಾಲಾಗಿ ಕೂತವು. ಶನಿವಾರ ಸಂಜೆ ಅಮ್ಮ ಹೂವಿನ ಬಟ್ಟೆ ಎತ್ತುತ್ತಾಳೆ.

ಶುಕ್ರವಾರ ಮಧ್ಯಾಹ್ನ ಅವಳು ಮೇಡಂ ಮುಂದೆ ಹೋಗಿ ನಿಂತಳು. "ಮೇಡಂ, ತಪ್ಪಾಯ್ತು. ಮಿಷಿನ್ ಕೆಟ್ಟೇ ಇರಲಿಲ್ಲ. ನಮ್ಮನೇಲಿ ಕೆಟ್ಟಿರೋದು ಏನೂ ಇರಲಿಲ್ಲ ಅಂತ ನಾನೇ ಒಂದು ತಿರುಪು ಸಡಿಲ ಮಾಡಿ ತಂದೆ. ಅಮ್ಮಂದು. ಅಮ್ಮಂಗೆ ಗೊತ್ತಿಲ್ಲ. ಈಗ ಹೊಲಿಗೇನೇ ಬೀಳ್ತಿಲ್ಲ."

ಉದ್ದಣ್ಣನ ಬಾಯಿ ತೆರೆದದ್ದು ತೆರೆದೇ ಇತ್ತು. "ಅಂದ್ರೆ ನಾನು ನಾಲ್ಕು ದಿನ ಗಟ್ಟಿಮುಟ್ಟಾಗಿರೋನಿಗೆ ಆಪರೇಷನ್ ಮಾಡಿದೆನಾ?"

ಮೇಡಂ ಒಂದು ಗಳಿಗೆ ಇಬ್ಬರನ್ನೂ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಸರಿ, ಈಗಲಾದ್ರೂ ನಿಯಮ ಪಾಲಿಸಿದ್ದೀಯ. ಕೆಟ್ಟಿರೋ ಮಿಷಿನ್ ತಂದಿದ್ದೀಯ. ಇನ್ನು ಮೇಲೆ ಮಾತಾಡಬಹುದು, ಮುಟ್ಟಬಹುದು. ಇಬ್ಬರೂ ಸೇರಿ ನೋಡಿ. ಸೂಜಿ ಕೆಳಗಿನ ತಟ್ಟೆ ತೆಗೀರಿ. ಚಕ್ರ ಕೈಯಲ್ಲಿ ತಿರುಗಿಸಿ, ಇರುವೆ ನಡೆದ ಹಾಗೆ. ದಾರ ಏನು ಮಾಡುತ್ತೆ ಅದನ್ನ ಮಾತ್ರ ನೋಡಿ."

ತಟ್ಟೆ ತೆಗೆದರು. ಉದ್ದಣ್ಣ ಚಕ್ರ ಹಿಡಿದ. ಬುಗುರಿ ಮನೆಯಿಂದ ತಂದಿದ್ದ ಟಾರ್ಚು ಹಿಡಿದು ಮೂಗು ತಾಗುವಷ್ಟು ಹತ್ತಿರ ಬಗ್ಗಿದಳು.

ಸೂಜಿ ದಾರವನ್ನು ಹೊತ್ತುಕೊಂಡು ಕತ್ತಲೆಯೊಳಕ್ಕೆ ಇಳಿಯಿತು. ತಳ ಮುಟ್ಟಿತು. ಮತ್ತೆ ಮೇಲೇಳಲು ಶುರು ಮಾಡಿತೋ ಇಲ್ಲವೋ, ದಾರ ಸೂಜಿಯ ಬೆನ್ನ ಹಿಂದೆ ಮೆಲ್ಲಗೆ ಉಬ್ಬಿ ಒಂದು ಪುಟ್ಟ ಕುಣಿಕೆಯಾಯಿತು.

"ನಿಲ್ಲಿಸು! ಹಿಂದೆ ತಿರುಗಿಸು! ಈಗ ಮತ್ತೆ ಮುಂದೆ... ನೋಡೋ, ನೋಡೋ ಇಲ್ಲಿ!"

ಕುಣಿಕೆ ಬಿದ್ದ ಹೊತ್ತಿಗೆ ಸರಿಯಾಗಿ ಕೆಳಗಿನಿಂದ ಒಂದು ಚೂಪು ಮೂತಿಯ ಕೊಕ್ಕೆ ಸುತ್ತಿಕೊಂಡು ಬಂತು. ಬಂದು, ಕುಣಿಕೆಯ ಕೆಳಗಡೆಯಿಂದ ಜಾರಿ ಸುಮ್ಮನೆ ಹೊರಟುಹೋಯಿತು. ಬುಗುರಿಗೆ ಎಲ್ಲ ಒಟ್ಟಿಗೇ ಹೊಳೆಯಿತು. ಆ ಕೊಕ್ಕೆ ಕುಣಿಕೆಯೊಳಗೆ ಮೂತಿ ತೂರಿಸಬೇಕು! ದಾರವನ್ನು ಹಿಡಿದೆಳೆದು ಬಾಬಿನ್ನಿನ ಸುತ್ತ ಸುತ್ತಿಸಬೇಕು. ಆಗ ಮೇಲಿನ ದಾರ ಕೆಳಗಿನ ದಾರವನ್ನು ತಬ್ಬಿಕೊಳ್ಳುತ್ತದೆ. ಅದೇ ಹೊಲಿಗೆ! ಹುಟ್ಟಿದಾಗಿನಿಂದ ಮನೆಯಲ್ಲಿ ಆ ಟಕಟಕ ಕೇಳುತ್ತ ಬೆಳೆದವಳು, ಪ್ರತಿ ಟಕ್ಕಿಗೂ ಕೆಳಗೆ ಕತ್ತಲಲ್ಲಿ ಹೀಗೊಂದು ಆಟ ನಡೆಯುತ್ತದೆಂದು ಎಂದಾದರೂ ಎಣಿಸಿದ್ದಳೇ?

"ಸೂಜಿ ಮೇಲಾಯ್ತು," ಎಂದ ಉದ್ದಣ್ಣ. "ಕಂಬಿ ಒಂಚೂರು ಎತ್ತರಕ್ಕೆ ಕೂತಿದೆ. ಮೊದಲು ಎಲ್ಲಿತ್ತು ಅದು? ನನ್ನ ಚಿತ್ರದಲ್ಲಿ ಒಂದು ಉಂಗುರ ಇದೆ ನೋಡು, ಕಂಬೀನ ಬಿಗಿಯಾಗಿ ಹಿಡಿಯೋ ಹಿಡಿಕೆ ಅದರ ಅಂಚಿಗೇ ಕೂತಿತ್ತು. ಅಳತೆ ಬರಕೊಳ್ಳಲಿಲ್ಲ. ಕಂಬಿ ಮೇಲೆ ಉಂಗುರ ಹೇಗೂ ಇದೆಯಲ್ಲ ಅಂದ್ಕೊಂಡೆ."

ಬುಗುರಿ ಕನ್ನಡಿಯಂಥ ಕಂಬಿಯನ್ನು ನೋಡಿದಳು. ಅದರಲ್ಲಿ ಅವಳ ಮುಖವೇ ಕಂಡಿತು.

"ನಾನೇ ಉಜ್ಜಿಬಿಟ್ಟೆ ಕಣೋ. ಕೊಳೆ ಅಂತ."

"ಎಷ್ಟು ಚೆನ್ನಾಗಿ ಉಜ್ಜಿದ್ದೀಯ ಮಾರಾಯ್ತೀ," ಎಂದು ಉದ್ದಣ್ಣ ತಲೆ ಮೇಲೆ ಕೈಯಿಟ್ಟುಕೊಂಡ.

ಆಗಲೇ ಹಿಂದಿನಿಂದ ದನಿ ಬಂತು. "ಬುಗುರೀ."

ವರ್ಕ್‌ಶಾಪಿನ ಬಾಗಿಲಲ್ಲಿ, ಹೆಗಲಿಗೆ ಪ್ರಯಾಣದ ಚೀಲ ಹಾಕಿಕೊಂಡು ಅಮ್ಮ ನಿಂತಿದ್ದಳು. ಚಿಕ್ಕಮ್ಮನ ಮನೆ ಕೆಲಸ ಒಂದು ದಿನ ಮೊದಲೇ ಮುಗಿದಿತ್ತು.

"ಅಜ್ಜಿ ಹೇಳಿದ್ರು. ಮಿಷಿನ್ನಿನ ತಲೆ ಕಾಲೇಜಿಗೆ ಸೇರಿದೆ, ಕಾಲು ಮಾತ್ರ ಮನೇಲಿದೆ ಅಂತ," ಎನ್ನುತ್ತ ಅಮ್ಮ ಒಳಗೆ ಬಂದಳು. ಬೆಂಚಿನ ಮೇಲೆ ಮುಂಭಾಗದ ಮುಚ್ಚಳ, ತಟ್ಟೆ, ತಿರುಪುಗಳನ್ನೆಲ್ಲ ಪಕ್ಕಕ್ಕಿಟ್ಟುಕೊಂಡು ಮಲಗಿದ್ದ ತನ್ನ ಮಿಷಿನ್ನನ್ನು ನೋಡಿದಳು. ಅವಳ ಕೈ ತಾನಾಗಿ ಹೋಗಿ ಅದರ ಬೆನ್ನು ಸವರಿತು. "ಇದೇನೇ ಇದು, ಹೊಟ್ಟೆ ಬಗೆದು ಮಲಗಿಸಿದ್ದೀಯಲ್ಲೇ! ಕೇಳಿ ತಗೊಂಡು ಬರಬಾರದಿತ್ತಾ? ಕೇಳಿದ್ರೆ ಕೊಡಲ್ಲ ಅಂತ ನಿಂಗ್ಯಾರು ಹೇಳಿದ್ರು?"

"ಕೊಡ್ತಿದ್ಯಾ ಅಮ್ಮ?"

"ಖಂಡಿತ ಕೊಡ್ತಿರಲಿಲ್ಲ."

ಉದ್ದಣ್ಣ ನಗು ತಡೆಯಲಾರದೆ ಕೆಮ್ಮಿದ. ಅಮ್ಮ ಅವನ ಕಡೆ ತಿರುಗಿದ ಕೂಡಲೇ ಕೆಮ್ಮೂ ನಿಂತಿತು.

"ಹೊಲಿಯುತ್ತಾ ಇದು?" ಅಮ್ಮ ಕೇಳಿದಳು.

"ಇಲ್ಲಮ್ಮ."

"ನಾಳೆಯಿಂದ ನಾನು ಅಂಗಿ ಹೊಲೀಬೇಕು. ಸೋಮವಾರ ಆ ಮಕ್ಕಳ ಆಟೋಟ. ಮೈಮೇಲೆ ಅಂಗಿ ಇಲ್ಲದೆ ತುತ್ತೂರಿ ಊದ್ತಾರಾ?" ಅಮ್ಮನ ದನಿ ಏರಲಿಲ್ಲ. ಏರಿದ್ದರೇ ವಾಸಿಯಿತ್ತು. "ಎಷ್ಟು ಹೊತ್ತು ಬೇಕು ಸರಿಯಾಗೋಕೆ?"

"ಗೊತ್ತಿಲ್ಲ. ಆದ್ರೆ ಏನಾಗಿದೆ ಅಂತ ಗೊತ್ತಮ್ಮ. ನಾನು ಕಣ್ಣಾರೆ ನೋಡಿದೆ. ನೀನೂ ಬಾ, ನೋಡು ಬಾ!"

ಬೈಸಿಕೊಳ್ಳುತ್ತಿದ್ದೇನೆ ಎನ್ನುವುದೇ ಮರೆತ ಹಾಗೆ ಬುಗುರಿ ಅಮ್ಮನ ಕೈ ಹಿಡಿದು ಎಳೆದಳು. ಮೇಡಂ ಸದ್ದಿಲ್ಲದೆ ಒಂದು ಸ್ಟೂಲು ತಂದಿಟ್ಟು ದೂರ ಸರಿದು ನಿಂತರು. ಅಮ್ಮ ಕೂತಳು. ಟಾರ್ಚು ಬೆಳಗಿತು. ಸೂಜಿ ಇಳಿಯಿತು, ಎದ್ದಿತು, ಕುಣಿಕೆ ಉಬ್ಬಿತು.

"ಅಯ್ಯೋ," ಎಂದಳು ಅಮ್ಮ.

"ಕಂಡಿತಾ? ಈಗ ಕೊಕ್ಕೆ ಬರುತ್ತೆ ನೋಡು. ಅದು ಆ ಕುಣಿಕೆಯೊಳಗೆ ಹೋಗಬೇಕು. ಹೋಗ್ತಿಲ್ಲ. ಸೂಜಿ ಎತ್ತರ ಆಗಿದೆ."

ಅಮ್ಮ ಇನ್ನಷ್ಟು ಹತ್ತಿರ ಬಗ್ಗಿದಳು. "ಇನ್ನೊಂದು ಸಲ ತಿರುಗಿಸಪ್ಪ," ಎಂದಳು ಉದ್ದಣ್ಣನಿಗೆ.

ಬುಗುರಿ ಸ್ಕ್ರೂಡ್ರೈವರ್ ತೆಗೆದುಕೊಂಡಳು. ಕಂಬಿ ಹಿಡಿದಿದ್ದ ತಿರುಪನ್ನು ಸಡಿಲಿಸಿ, ಸೂಜಿಯನ್ನು ಕೂದಲೆಳೆಯಷ್ಟು ಕೆಳಗಿಳಿಸಿ ಬಿಗಿ ಮಾಡಿದಳು. ಬಿಗಿ ಮಾಡುವಾಗ ಕಂಬಿ ಮೆಲ್ಲಗೆ ಜಾರಿತು. ಈಗ ಸೂಜಿ ತೀರಾ ಕೆಳಗೆ. ಕೊಕ್ಕೆ ಕುಣಿಕೆಯ ನೆತ್ತಿಯ ಮೇಲೆ ಹಾದುಹೋಯಿತು. ಮತ್ತೆ ಸಡಿಲಿಸಿದಳು. ಮತ್ತೆ ಜಾರಿತು. ಕೈ ಬೆವರಿ ಸ್ಕ್ರೂಡ್ರೈವರ್ ಹಿಡಿಯಲು ಬರಲಿಲ್ಲ. ಪಕ್ಕದ ಬೆಂಚುಗಳವರು ತಮ್ಮ ಮಿಕ್ಸಿ, ಗಡಿಯಾರ ಬಿಟ್ಟು ಒಬ್ಬೊಬ್ಬರೇ ಬಂದು ಸುತ್ತ ನಿಂತರು.

"ಉದ್ದಣ್ಣ, ನೀನು ಕಂಬೀನ ಮೇಲಿಂದ ಹಿಡ್ಕೋ. ಉಸಿರಾಡಬೇಡ."

"ಸತ್ತೋಗ್ತೀನಿ."

"ಒಂದು ನಿಮಿಷಕ್ಕೆ ಯಾರೂ ಸಾಯಲ್ಲ."

ಅವಳು ಕೊಕ್ಕೆಯ ಮೂತಿಯನ್ನು ಸೂಜಿಯ ಹತ್ತಿರ ತಂದು ನಿಲ್ಲಿಸಿದಳು. ಮೊದಲಿನ ಗುರುತು ಎಲ್ಲಿತ್ತೆಂದು ಇನ್ನು ಹುಡುಕಲಿಲ್ಲ. ಕುಣಿಕೆ ಎಲ್ಲಿ ಬೀಳುತ್ತದೆಂದು ಈಗ ಗೊತ್ತಿತ್ತಲ್ಲ, ಸೂಜಿಯ ಕಣ್ಣಿಗಿಂತ ತುಸು ಮೇಲೆ. ಕೊಕ್ಕೆಯ ಮೂತಿ ಅಲ್ಲಿಗೇ ಬರುವ ಹಾಗೆ ಕಂಬಿಯನ್ನು ಕೂರಿಸಿ, ತುಟಿ ಕಚ್ಚಿಕೊಂಡು ತಿರುಪನ್ನು ಬಿಗಿದಳು. ಈ ಸಲ ಜಾರಲಿಲ್ಲ.

"ಅಮ್ಮ, ನೀನೇ ತಿರುಗಿಸು."

ಅಮ್ಮ ಕೈಚಕ್ರದ ಮೇಲೆ ಕೈಯಿಟ್ಟಳು. ಸೂಜಿ ಇಳಿಯಿತು. ಎದ್ದಿತು. ಕುಣಿಕೆ ಉಬ್ಬಿತು. ಕೊಕ್ಕೆ ಬಂತು, ನೇರ ಕುಣಿಕೆಯೊಳಗೆ ಮೂತಿ ತೂರಿಸಿತು, ದಾರವನ್ನು ಬಾಚಿಕೊಂಡು ಬಾಬಿನ್ನಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಿಟ್ಟುಕೊಟ್ಟಿತು. ಅಮ್ಮ ಮೇಲಿನ ದಾರವನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದಳು. ಅದರ ಜೊತೆಗೇ ಕೆಳಗಿನ ದಾರ ಬಾವಿಯಿಂದ ಹಗ್ಗ ಬಂದ ಹಾಗೆ ಮೇಲೆ ಬಂತು.

ಸುತ್ತ ನಿಂತವರು ಹೋ ಎಂದು ಕೂಗಿದ ರಭಸಕ್ಕೆ ಪಾರಿವಾಳಗಳು ಚಾವಣಿಯ ತೊಲೆಯಿಂದ ಪಟಪಟ ಹಾರಿದವು. ತಟ್ಟೆ ಹಾಕಿ, ಭಾಗಗಳನ್ನು ಜೋಡಿಸಿಟ್ಟಿದ್ದ ಅದೇ ಬಿಳಿ ಬಟ್ಟೆಯ ಅಂಚನ್ನು ಸೂಜಿಯಡಿ ಇಟ್ಟು ಅಮ್ಮ ಚಕ್ರ ತಿರುಗಿಸುತ್ತ ಹೋದಳು. ಸಾಸಿವೆ ಕಾಳು ಜೋಡಿಸಿದ ಹಾಗೆ ಹೊಲಿಗೆ ಸಾಲುಗಟ್ಟಿತು. ಮಗುಚಿ ನೋಡಿದಳು, ಹಿಗ್ಗಿಸಿ ನೋಡಿದಳು, ಮೂಗಿನ ಹತ್ತಿರ ತಂದು ನೋಡಿದಳು. ಟೈಲರ್ ಕಣ್ಣಿಗೆ ತಪ್ಪು ಸಿಗಲಿಲ್ಲ.

"ಇವಳು ಪಾಸಾ ಮೇಡಂ?" ಎಂದು ಕೇಳಿದಳು.

"ಪಾಸೇ. ಆದ್ರೆ ಗುರುತು ಉಜ್ಜಿದ್ದಕ್ಕೆ ಮುಂದಿನ ವಾರ ವರ್ಕ್‌ಶಾಪು ಗುಡಿಸೋ ಕೆಲಸ ಇವಳದೇ. ಯಾವುದು ಕೊಳೆ, ಯಾವುದು ಗುರುತು ಅಂತ ನೋಡಿ ನೋಡಿ ಗುಡಿಸಲಿ."

ಮಿಷಿನ್ನಿನ ತಲೆಯನ್ನು ಬಸ್ ನಿಲ್ದಾಣದವರೆಗೆ ಉದ್ದಣ್ಣ ಹೊತ್ತು ತಂದ. ಬಸ್ಸಿನಲ್ಲಿ ಅದು ಅಮ್ಮನ ತೊಡೆಯ ಮೇಲೆ ಕೂತಿತು. ಅರ್ಧ ದಾರಿಯವರೆಗೂ ಅಮ್ಮ ಕಿಟಕಿಯಾಚೆ ನೋಡುತ್ತಲೇ ಇದ್ದಳು. ಆಮೇಲೆ, "ಇನ್ನೊಮ್ಮೆ ಕೇಳದೆ ನನ್ನ ಮಿಷಿನ್ ಮುಟ್ಟಿದ್ರೆ ಕೈ ಮುರೀತೀನಿ," ಎಂದಳು. ಒಂದು ನಿಲ್ದಾಣ ಕಳೆದ ಮೇಲೆ, "ಆ ಅಂಗಿ ಗುಂಡಿಗೆ ಕಾಜಾ ಹೊಲಿಯೋ ದೊಡ್ಡ ಮಿಷಿನ್ ಇರುತ್ತಲ್ಲ, ಅದರೊಳಗೂ ಹೀಗೇ ಕೊಕ್ಕೆ ಇರುತ್ತಾ?" ಎಂದು ಕೇಳಿದಳು.

"ಗೊತ್ತಿಲ್ಲಮ್ಮ," ಎಂದಳು ಬುಗುರಿ. "ಬಿಚ್ಚಿ ನೋಡಬೇಕು."

ಮಾರನೆಯ ಬೆಳಿಗ್ಗೆ ಬುಗುರಿಗೆ ಎಚ್ಚರವಾದದ್ದು ಟಕಟಕ ಸದ್ದಿಗಲ್ಲ, ಅದು ಇಲ್ಲದ್ದಕ್ಕೆ. ಟಕ್ ಎಂದು ಒಂದು ಸಲ. ಬಹಳ ಹೊತ್ತಿನ ಮೇಲೆ ಇನ್ನೊಂದು ಟಕ್. ಓಡಿ ಮುಂಗೋಣೆಗೆ ಬಂದರೆ ಅಪ್ಪನೂ ಸ್ಪ್ಯಾನರ್ ಹಿಡಿದುಕೊಂಡು ಅಲ್ಲೇ ನಿಂತಿದ್ದ.

"ಏನೇ, ಕೆಟ್ಟೋಯ್ತಾ?" ಎಂದು ಕೇಳುತ್ತಿದ್ದ.

ಸೂಜಿಯ ಕೆಳಗಿನ ತಟ್ಟೆ ತೆಗೆದಿತ್ತು. ಕೆಂಪು ಬಟ್ಟೆಯ ಕಟ್ಟುಗಳಲ್ಲಿ ಒಂದು ಬಿಚ್ಚಿ, ಮೊದಲ ತೋಳು ಅರ್ಧ ಹೊಲಿದಾಗಿತ್ತು. ಅಮ್ಮ ಒಂದು ಕೈಯಲ್ಲಿ ಟಾರ್ಚು ಹಿಡಿದು ಇನ್ನೊಂದು ಕೈಯಲ್ಲಿ ಚಕ್ರವನ್ನು ಇರುವೆ ನಡೆದ ಹಾಗೆ ತಿರುಗಿಸುತ್ತಿದ್ದಳು. ಪಕ್ಕದಲ್ಲಿ ಸ್ಟೂಲಿನ ಮೇಲೆ ಅಜ್ಜಿ, ಕನ್ನಡಕ ಹಾಕಿಕೊಂಡು ಬಗ್ಗಿದ್ದಳು.

"ಕೆಟ್ಟಿಲ್ಲ, ಸುಮ್ನಿರಿ," ಎಂದಳು ಅಮ್ಮ ತಲೆಯೆತ್ತದೆ. "ಅತ್ತೆ, ಈಗ ನೋಡಿ. ಈಗ ಬರುತ್ತೆ ಕೊಕ್ಕೆ."